ಬಲಗಡೆಯ ಸೀಟು

ನಾನು ಸಾಲಿ ಬಿಟ್ಟದ್ದು ಸಾವಿರದ ಒಂಬೈನೂರಾ ಎಂಬತ್ತೆರಡರಲ್ಲಿ, ಏಳನೇ ತರಗತಿಯ ನಡುವೆ. ಮಾಸ್ತರರು ಬಿಡಿಸಲಿಲ್ಲ, ಮನೆಯವರೂ ಬಿಡಿಸಲಿಲ್ಲ. ಗಂಗಾವತಿಯ ಒಂದು ಗ್ಯಾರೇಜಿನ ಮುಂದೆ ಹಾಯುವಾಗ ಮೂಗಿಗೆ ಬಡಿದ ಗೇರ್ ಎಣ್ಣೆಯ ವಾಸನೆ ಬಿಡಿಸಿತು. ತೊಂಬತ್ತು ನಂಬರ್ ಎಣ್ಣೆ ಅನ್ನುತ್ತೇವೆ ನಾವು ಅದಕ್ಕೆ. ಹಳೆಯದಾದಷ್ಟೂ ಗಂಧಕದ ಹಾಗೆ ಗಮ್ಮೆನ್ನುತ್ತದೆ. ನಿಮಗೆ ಅದು ನಾತ ಅನ್ನಿಸೀತು. ನನಗೆ ಇವತ್ತಿಗೂ ಆ ವಾಸನೆ ಹತ್ತಿದರೆ ಹೊಟ್ಟೆ ಹಸಿಯುತ್ತದೆ.

ಮೊನ್ನೆ ಆದಿತ್ಯವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಅದೇ ವಾಸನೆ. ಮೂಲೆಯಲ್ಲಿ ಗೋಣಿಚೀಲ ಸುತ್ತಿಟ್ಟಿದ್ದ ಸ್ಟೇರಿಂಗ್ ಸೆಟ್ಟಿನಿಂದ ಎಣ್ಣೆ ಸೋರಿ ನೆಲಕ್ಕಿಳಿದಿತ್ತು. ಗುಜರಿಯಲ್ಲಿ ಹುಡುಕಿ ನಾನೇ ತಂದಿಟ್ಟದ್ದು. ಅದನ್ನು ನಮ್ಮ ಜೀಪಿಗೆ ಹಾಕುವುದೊಂದು ಬಾಕಿ. ಹಳೆಯದನ್ನು ಬಿಚ್ಚೋಣ ಎಂದು ನಟ್ಟು ತಿರುವುವ ಪಾನಾ ಕೈಗೆ ತಗೊಂಡಾಗಲೆಲ್ಲ ಚಹಾ ಕುಡಿಯುವ ನೆಪವೊಂದು ಹುಟ್ಟುತ್ತಿತ್ತು. ಚಹಾ ಕುಡಿದು ಕುಡಿದೇ ಬೇಸಿಗೆ ಕಳೆಯಿತು.

ಜೀಪಿನ ವಿಷಯ ಹೇಳುತ್ತೇನೆ, ಕೇಳಿ. ಮಿಲ್ಟ್ರಿಯವರು ಹರಾಜಿಗೆ ಹಾಕಿದ, ಅಮೆರಿಕದಿಂದ ಬಂದ ಹಳೇ ಜೀಪು ಅದು. ಗಂಗಾವತಿಯ ರೈಸ್ ಮಿಲ್ಲಿನ ಸಾಹುಕಾರರೊಬ್ಬರು ಶೋಕಿಗೆ ತಂದು, ಸಂಭಾಳಿಸಲಾಗದೆ, ಮಿಲ್ಲಿನ ಹಿಂದೆ ಭತ್ತದ ಹೊಟ್ಟಿನ ರಾಶಿಯ ಬಗಲಿಗೆ ನಿಲ್ಲಿಸಿದ್ದರು. ನನಗೆ ಆಗ ಮದುವೆಯಾಗಿ ಒಂದು ವರ್ಷ. ಎತ್ತು ತರುತ್ತೇನೆಂದು ಪೇಟೆಗೆ ಹೋದವನು ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಮನೆಗೆ ಬಂದೆ. ಹೆಂಡತಿ ಹುಲಿಗೆವ್ವ ಸೊಂಟಕ್ಕೆ ಕೈ ಕೊಟ್ಟು ಸುತ್ತಲೂ ಒಂದು ಸುತ್ತು ಹಾಕಿದಳು.

"ಎತ್ತು ತರ್ತೀನಂತ ಹೋಗಿ ತಗಡು ತಂದೀರಲ್ರಿ! ಇದಕ್ಕ ಹೊಟ್ಟು ಹಾಕಬೇಕೋ, ಹಿಂಡಿ ಹಾಕಬೇಕೋ?"

ಅದಕ್ಕೆ ಹಾಕಬೇಕಾದದ್ದು ನನ್ನ ಬೆವರು. ನಮ್ಮ ಪಾನಾ ಒಂದೂ ಅದರ ನಟ್ಟಿಗೆ ಕೂರುತ್ತಿರಲಿಲ್ಲ. ಎಲ್ಲಾ ಇಂಚಿನ ಲೆಕ್ಕ. ಹುಬ್ಬಳ್ಳಿ, ಹೈದರಾಬಾದಿನ ಗುಜರಿ ತಿರುಗಿ ಇಂಚಿನ ಪಾನಾ ಕೂಡಿಸಿದೆ. ಸಿಗದ ಬುಷ್ಷು, ಪಿನ್ನುಗಳನ್ನು ಲೇಥಿನ ಮೇಲೆ ಕಡೆದೆ. ಹ್ಯಾಂಡಲ್ ತಿರುವಿ ತಿರುವಿ ರಟ್ಟೆ ಬಾತುಹೋಯಿತು. ಒಂದು ದಿನ ಕೆಮ್ಮಿ, ಸೀನಿ, ಸ್ಟಾರ್ಟ್ ಆಯಿತು ನೋಡಿ! ಯಲಬುರ್ಗಿಯಿಂದ ಗಂಗಾವತಿಯವರೆಗೆ ಆ ಇಂಜಿನ್ನು ಬಿಚ್ಚಿ ಕೂಡಿಸಿದವನು ನಾನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮಿಲ್ಟ್ರಿ ಹಸಿರು ಬಣ್ಣ ನಮ್ಮಂಥವರ ಗಾಡಿಗೆ ಇರಬಾರದು ಅಂತ ಕಾಯ್ದೆ. ಅದರ ಮೇಲೆ ನೀಲಿ ಹೊಡೆದೆ.

ಒಂದೇ ಫಜೀತಿ. ಅದರ ಸ್ಟೇರಿಂಗು ಎಡಕ್ಕೆ. ಮುಂದೆ ಲಾರಿ ಇದ್ದರೆ ಎಡಕ್ಕೆ ಕುಂತವನಿಗೆ ಲಾರಿಯ ಬೆನ್ನಷ್ಟೇ ಕಾಣುತ್ತದೆ. ಎದುರಿಗೆ ಏನು ಬರುತ್ತಿದೆ ಎನ್ನುವುದು ಬಲಕ್ಕೆ ಕುಂತವರಿಗೇ ಗೊತ್ತು. ಹೊಲದಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರ್ ರಿಪೇರಿಗೆ ಹೋಗುವುದು ನನ್ನ ಕಸುಬು. ಸುಗ್ಗಿಯಲ್ಲಿ ಭತ್ತದ ಲಾರಿಗಳ ಹಿಂದೆಯೇ ಹೋದರೆ ಗಿರಾಕಿ ಕಾಯುತ್ತಾನೆಯೇ? ಹೀಗಾಗಿ ಹುಲಿಗೆವ್ವ ಬಲಗಡೆಯ ಸೀಟಿಗೆ ಬಂದಳು.

ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಅವಳೇ ಒಂದು ದಾರಿ ಹುಡುಕಿದಳು. ಮುಂದಿನ ತಗಡಿಗೆ ಬೆಳ್ಳಿಯ ಉಂಗುರದಿಂದ ಒಂದು ಸಲ ಬಡಿದರೆ ತಡೆ, ಎರಡು ಸಲ ಬಡಿದರೆ ನಡೆ. ನಾನು ರಸ್ತೆ ನೋಡುವುದನ್ನೇ ಬಿಟ್ಟೆ. ಎರಡು ಬಡಿತ ಕೇಳಿದರೆ ಕಾಲು ತಾನೇ ಎಕ್ಸಲೇಟರ್ ಒತ್ತುತ್ತಿತ್ತು.

ಬಲಕ್ಕೆ ಕುಂತವರೇ ಡ್ರೈವರು ಎಂದು ಜನ ತಿಳಿಯುತ್ತಿದ್ದರು. ಹುಲಿಗಿ ಊರಿನ ಅಮ್ಮನ ಗುಡಿಗೆ ಹೋಗುವ ಹುಣ್ಣಿಮೆಯ ಮಂದಿ ಓಡಿ ಬಂದು ಅವಳನ್ನೇ ಕೇಳುವರು: "ಅಕ್ಕಾರ, ಗುಡಿತನ ಬಿಡ್ತೀರೇನ್ರಿ?" ಕೊಪ್ಪಳದಲ್ಲಿ ಒಮ್ಮೆ ಪೊಲೀಸಪ್ಪನೊಬ್ಬ ಅವಳ ಕಡೆ ಬಂದು ಲೈಸೆನ್ಸ್ ಕೇಳಿದ. ಇವಳು ಸೆರಗು ಸರಿಮಾಡಿಕೊಂಡು, "ನಂದು ಬರೇ ಕಣ್ಣಿನ ಕೆಲ್ಸ ಐತ್ರಿ ಸಾಹೇಬ್ರ. ಕೈಕಾಲಿನ ಕೆಲ್ಸದವ್ರು ಆ ಕಡಿ ಅದಾರ, ಅವ್ರನ್ನ ಕೇಳ್ರಿ," ಅಂದಳು. ಪೊಲೀಸಪ್ಪ ನಗುತ್ತ ಕೈ ಬೀಸಿ ಕಳಿಸಿದ. ನಾನೂ ಸುಮ್ಮನಿರುತ್ತಿರಲಿಲ್ಲ. "ನಿಂದೇನವಾ, ಮಹಾರಾಣಿಯಂಗ ಗಾಳಿ ತಗೊಂತ ಕುಂದ್ರೂದು," ಎಂದು ಕಾಡುತ್ತಿದ್ದೆ. "ಹೌದ್ರಿ ಮತ್ತ, ನಾ ಮಹಾರಾಣಿನ," ಅನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಜ್ವರ ಬಂತೆಂದು ಮಲಗಿದವಳು ಏಳಲಿಲ್ಲ.

ಆಮೇಲೆ ಒಬ್ಬನೇ ಗಾಡಿ ತೆಗೆದೆ. ಮಂದಿಯ ಹಿಂದೆ ಹಿಂದೆಯೇ ಹೋದೆ. ಹೋದ ಸುಗ್ಗಿಯಲ್ಲಿ ಒಂದು ದಿನ ತಡೆಯಲಾರದೆ ಲಾರಿಯ ಬಗಲಿಗೆ ಮೂತಿ ಹಾಕಿದೆ. ಎದುರಿಗೆ ಬಸ್ಸು. ಹೇಗೆ ಮತ್ತೆ ಲಾರಿಯ ಹಿಂದೆ ಸರಿದೆನೋ ನನಗೇ ತಿಳಿಯದು. ಸುದ್ದಿ ಕುಷ್ಟಗಿಯ ದವಾಖಾನೆಯಲ್ಲಿ ನರ್ಸ್ ಆಗಿರುವ ಮಗಳು ರೇಣುಕಾಳಿಗೆ ಮುಟ್ಟಿತು.

"ಯಪ್ಪಾ, ದಿನಾ ಇಂಥಾ ಆಕ್ಸಿಡೆಂಟ್ ನೋಡ್ತೀನಿ ನಾನು. ಸ್ಟೇರಿಂಗು ಬಲಕ್ಕ ಹಾಕು, ಇಲ್ಲಾ ಗಾಡಿ ಮಾರು."

ಮಾರುವ ಮಾತೇ ಇಲ್ಲ. ಬಲಕ್ಕೆ ಹಾಕಿದರೆ ಹುಲಿಗೆವ್ವನ ಜಾಗದಲ್ಲಿ ನಾನು ಕೂರಬೇಕು. ತಗಡು ಕೊರೆಯಬೇಕು, ಹೊಸ ಬಣ್ಣ ಹೊಡೆಯಬೇಕು. ಉಂಗುರ ಬಡಿದು ಬಡಿದು ನೀಲಿ ಹೋಗಿ, ಒಳಗಿನ ಮಿಲ್ಟ್ರಿ ಹಸಿರು ರೂಪಾಯಿಯಗಲ ಕಾಣುತ್ತದೆ ಅಲ್ಲಿ. ಇದನ್ನು ಮಗಳಿಗೆ ಹೇಗೆ ಹೇಳಲಿ?

ಮೊನ್ನೆ ಆದಿತ್ಯವಾರ ಅವಳೇ ಬಂದಳು. ನಾನು ಪಾನಾ ಹಿಡಿದು ಕುಂತದ್ದು ನೋಡಿ, "ಬಿಚ್ಚೂದಕ್ಕಿಂತ ಮೊದ್ಲ ಒಂದು ರೌಂಡ್ ಹೋಗಿ ಬರೂಣು. ನಾ ಹೊಡೀತೀನಿ," ಅಂದಳು. ಕಾರು ಕಲಿತವಳು. ಗೇರು ಬದಲಿಸಲು ಡಬಲ್ ಕ್ಲಚ್ ಒತ್ತುವುದನ್ನು ಎರಡು ಸಲ ಹೇಳಿಕೊಟ್ಟೆ, ಗೇರು ಕರಕರ ಅನ್ನದೆ ಬಿತ್ತು. ನಾನು ಬಲಕ್ಕೆ ಹತ್ತಿದೆ. ಗಾಡಿ ಮನೆಗೆ ಬಂದಾಗಿನಿಂದ ಆ ಸೀಟಿಗೆ ನಾನು ಕುಂತದ್ದು ಅದೇ ಮೊದಲು.

ಗಂಗಾವತಿ ರಸ್ತೆಯಲ್ಲಿ ಭತ್ತದ ಹುಲ್ಲಿನ ಟ್ರ್ಯಾಕ್ಟರ್, ಮನೆಯಷ್ಟೆತ್ತರ ಹೇರಿಕೊಂಡು ಹೊಂಟಿತ್ತು. ರೇಣುಕಾ ಬಲಕ್ಕೆ ಸ್ವಲ್ಪ ಸರಿಸಿದಳು. ಎದುರಿನ ಲಾರಿ ನೆಟ್ಟಗೆ ನನ್ನ ಎದೆಗೇ ಬಂದಂತಾಯಿತು. ಕೈಯಲ್ಲಿ ಸ್ಟೇರಿಂಗಿಲ್ಲ, ಕಾಲಡಿ ಬ್ರೇಕಿಲ್ಲ, ಬಗಲಿಗೆ ಬಾಗಿಲೂ ಇಲ್ಲ. ತಗಡಿಗೆ ಒಂದು ಸಲ ಬಡಿದೆ. ಲಾರಿ ಹೋಯಿತು. ರಸ್ತೆ ಬಯಲಾಯಿತು. ಕೈ ಮೇಲೇಳಲಿಲ್ಲ.

"ಯಪ್ಪಾ, ಹೋಗ್ಲೋ ಬ್ಯಾಡೋ?"

"ತಡಿಯವಾ."

"ಬಯಲೈತಲ್ಲ?"

"ಐತಿ. ತಡಿ."

ಆಗ ನನ್ನ ಎಡಗೈ ಮುಂದಿನ ಕಬ್ಬಿಣದ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ಬೆರಳಿಗೆ ನುಣುಪು ಹತ್ತಿತು. ಬಗ್ಗಿ ನೋಡಿದೆ. ಹಿಡಿಕೆಯ ಹಿಂಬದಿಯಲ್ಲಿ, ಕಣ್ಣಿಗೆ ಕಾಣದ ಕಡೆ, ನೀಲಿಯೂ ಇಲ್ಲ, ಹಸಿರೂ ಇಲ್ಲ. ನಾಲ್ಕು ಬೆರಳಿನಗಲ ಬರೀ ಕಬ್ಬಿಣ, ಒನಕೆಯ ನಡುವಿನಂತೆ ಸವೆದು ಹೊಳೆಯುತ್ತಿತ್ತು. ಆ ಗಾಡಿಯ ಒಂದೊಂದು ನಟ್ಟು ಮುಟ್ಟಿದವನು ನಾನು. ಹಿಡಿಕೆಗೆ ಏನು ರಿಪೇರಿ ಇರುತ್ತದೆ? ಬಣ್ಣ ಹೊಡೆದ ಮೇಲೆ ಅದನ್ನೊಂದು ಮುಟ್ಟಿರಲಿಲ್ಲ.

ಮಹಾರಾಣಿ ಒಂದು ಕೈಯಲ್ಲಿ ನಡೆ ಎಂದು ಬಡಿಯುತ್ತ, ಇನ್ನೊಂದು ಕೈಯಲ್ಲಿ ಜೀವ ಹಿಡಿದು ಕುಂತಿದ್ದಳು, ಅಷ್ಟು ವರ್ಷ. ಒಂದು ದಿನವೂ ಬಾಯಿ ಬಿಡಲಿಲ್ಲ.

ನಾನು ಹಿಡಿಕೆಯಲ್ಲಿ ಅವಳ ಬೆರಳಿದ್ದಲ್ಲೇ ಬೆರಳಿಟ್ಟು, ಇನ್ನೊಂದು ಕೈಯಿಂದ ತಗಡಿಗೆ ಎರಡು ಸಲ ಬಡಿದೆ. ಮಗಳು ಮುಂದೆ ಹಾಯಿಸಿದಳು.

ಮನೆಗೆ ಬಂದು ಮಗಳಿಗೆ ಹಿಡಿಕೆ ತೋರಿಸಿದೆ. ಅದರ ಮೇಲೆ ಬೆರಳಾಡಿಸಿದಳು. ಆಮೇಲೆ, "ಒಬ್ಬನ ಗಾಡಿ ತೆಗಿಯಂಗಿಲ್ಲಂತ ಆಣಿ ಮಾಡು. ಆದಿತ್ವಾರ ನಾ ಬರ್ತೀನಿ," ಅಂದಳು. ಮಾಡಿದೆ. ಪಾನಾ ಒರೆಸಿ ಗೂಟಕ್ಕೆ ಹಾಕಿದೆ. ಗಿರಾಕಿಗಳ ಕಡೆ ಈಗ ಮೊಪೆಡ್ಡಿನ ಮೇಲೆ ಹೋಗುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಜೀಪು ಒಂದು, ಸ್ಟೇರಿಂಗು ಎಡಕ್ಕೇ. ಗೋಣಿಚೀಲದಲ್ಲಿ ಬಲಗಡೆಯ ಸೆಟ್ಟು ಒಂದು, ಬೇಕಾದವರು ಒಯ್ಯಬಹುದು. ಇಂಚಿನ ಪಾನಾ ಹದಿನಾಲ್ಕು. ಮಗಳು ಒಬ್ಬಳು. ರೂಪಾಯಿಯಗಲ ಹಸಿರು. ನಾಲ್ಕು ಬೆರಳಿನಗಲ ಕಬ್ಬಿಣ. ವಾರಕ್ಕೊಂದು ಆದಿತ್ಯವಾರ.