ಹಕ್ಕಿ ಹೊಡೆಯುವ ಬೈರಪ್ಪ

ಚಿಕ್ಕಬಾಣಾವರದ ಹಿಂದಿನ ಸಣ್ಣ ಕೆರೆಯ ದಂಡೆಯಲ್ಲಿ, ಹಕ್ಕಿ ನೋಡಲೆಂದು ಕಟ್ಟಿಸಿದ ಮಂಟಪಕ್ಕೆ ಬೈರಪ್ಪನವರ ಹೆಸರಿಡುವುದೆಂದು ತೀರ್ಮಾನವಾದ ದಿನ, ಅವರ ಹೆಂಡತಿ ನಾಗಲಕ್ಷ್ಮಮ್ಮ ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದರು. ಸೀರೆಯನ್ನು ಮತ್ತೆ ಮಡಿಸುವಷ್ಟರಲ್ಲಿ ಹೆಸರು ಬೇಡವಂತೆ ಎಂಬ ಸುದ್ದಿ ಬಂತು. ಬೈರಪ್ಪ ಬೇಟೆಗಾರರಾಗಿದ್ದರು ಎಂಬುದು ಕೆರೆ ಸಮಿತಿಯವರು ಕೊಟ್ಟ ಕಾರಣ.

"ಬ್ಯಾಟೆಗಾರರಾ?" ಎಂದರು ನಾಗಲಕ್ಷ್ಮಮ್ಮ. "ಮನೇಲಿ ಜಿರಲೆ ಒಡೆಯೋಕೂ ನನ್ನೇ ಕೂಗೋರು."

ಬೇಟೆಯ ಮಾತು ಹುಟ್ಟಿದ್ದು ಮಡಿವಾಳಪ್ಪನವರ ಬಾಯಲ್ಲಿ. ಅವರು ತೀರಿಹೋದ ಬೈರಪ್ಪನವರ ಬಾಲ್ಯದ ಗೆಳೆಯ, ಕೆಟ್ಟ ಮಾತಾಡುವವರಲ್ಲ. ಸಮಿತಿಯ ಕಾರ್ಯದರ್ಶಿ ಹರ್ಷವರ್ಧನ್ ಬಂದು ವಿಚಾರಿಸಿದಾಗ ಮನಸಾರೆ ಹೊಗಳಿದ್ದರು: "ಅಕ್ಕಿ ಒಡೆಯೋದ್ರಲ್ಲಿ ನಮ್ಮ ಬೈರಣ್ಣನ ಮೀರ್ಸೋರು ಈ ಕಡೆ ಉಟ್ಟೇ ಇಲ್ಲ ಸಾರ್. ಜೊಂಡಲ್ಲಿ ಅವಿತ್ಕೊಂಡು ನಿಂತ್ರೆ ಒಂದೂ ತಪ್ಪಿಸ್ಕೊಳ್ತಿರ್ಲಿಲ್ಲ."

ಹರ್ಷವರ್ಧನ್ ಜಯನಗರದಲ್ಲಿ ಬೆಳೆದವನು, ಕೆರೆ ಕಾಣುತ್ತದೆಂದು ಇಲ್ಲಿ ಫ್ಲ್ಯಾಟ್ ಕೊಂಡವನು. ಅಕ್ಕಿ ಎಂದರೆ ಹಕ್ಕಿ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಖುಷಿಯಲ್ಲಿ ಮುಂದಿನ ಪದವನ್ನು ವಿಚಾರಿಸಲಿಲ್ಲ. ಈ ಊರಿನಲ್ಲಿ ಫೋಟೋವನ್ನು ಯಾರೂ ತೆಗೆಯುವುದಿಲ್ಲ, ಹೊಡೆಯುತ್ತಾರೆ.

ಬೈರಪ್ಪ ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದ ಕಾಲಕ್ಕೆ ಲೇತ್ ಕೆಲಸಕ್ಕೆ ಸೇರಿದರು. ಅಲ್ಲಿಗೆ ಮೆಷಿನ್ನು ಕೂರಿಸಲು ಬಂದಿದ್ದ ಜರ್ಮನಿಯ ಎಂಜಿನಿಯರೊಬ್ಬ ಊರಿಗೆ ಹೊರಟ ದಿನ, ಕೀ ಕೊಟ್ಟರೆ ಓಡುವ ತನ್ನ ಮೂವಿ ಕ್ಯಾಮೆರಾವನ್ನು ಇವರ ಕೈಗಿಟ್ಟು ಹೋದ. ಅವನ ಭಾಷೆ ಇವರಿಗೆ ಬರುತ್ತಿರಲಿಲ್ಲ, ಇವರದು ಅವನಿಗೆ ಬರುತ್ತಿರಲಿಲ್ಲ. ಸ್ವಲ್ಪ ಹಿಡಿದುಕೊಂಡಿರು ಎಂದು ಕೊಟ್ಟು ಮರೆತಿರಬೇಕೆಂದು ಮನೆಯವರ ಅನುಮಾನ.

ಕ್ಯಾಮೆರಾ ಕಂಡರೆ ಮನುಷ್ಯರು ಸೆಟೆದು ನಿಲ್ಲುತ್ತಾರೆ, ಹಕ್ಕಿಗಳಿಗೆ ಆ ರೋಗವಿಲ್ಲ ಎಂದು ಬೈರಪ್ಪ ಕೆರೆಗಿಳಿದರು. ಜೊಂಡು ಹೆಣೆದು ಮರೆ ಕಟ್ಟಿಕೊಂಡು, ರಜೆಯ ದಿನವೆಲ್ಲ ಎದೆಮಟ್ಟದ ನೀರಿನಲ್ಲಿ ನಿಲ್ಲುತ್ತಿದ್ದರು. ಸಿನಿಮಾ ಎಂದರೆ ಹೀರೋ, ಹಾಡು, ಹೊಡೆದಾಟ ಇರಲೇಬೇಕಿದ್ದ ಕಾಲದಲ್ಲಿ ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುವುದನ್ನು ಸಿನಿಮಾ ಮಾಡಿದವರು ಆ ಸುತ್ತಿನಲ್ಲಿ ಅವರೊಬ್ಬರೇ.

ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ಒದ್ದೆ ಪಂಚೆಯಲ್ಲೇ ಮನೆಗೆ ಬಂದು, "ಇವತ್ತು ಎರಡು ಬಾತು ಒಡೆದೆ" ಎಂದು ಹೇಳಿ ಹಿತ್ತಿಲ ಕಡೆಯಿಂದ ಮತ್ತೆ ಹೊರಟರು. ನಾಗಲಕ್ಷ್ಮಮ್ಮ ಒರಳಿನ ಮುಂದೆ ಕೂತು ಕೊತ್ತಂಬರಿ, ಕೊಬ್ಬರಿ, ಮೆಣಸಿನಕಾಯಿ ಹಾಕಿ ಮಸಾಲೆ ರುಬ್ಬಿದರು. ಮಧ್ಯಾಹ್ನವಾದರೂ ಬಾತು ಬರಲಿಲ್ಲ. ಕೇಳಿದ್ದಕ್ಕೆ ಗಂಡ ಕ್ಯಾಮೆರಾ ಮುಟ್ಟಿ ತೋರಿಸಿ, "ಇದ್ರೊಳಗವೆ" ಎಂದರು. ಆ ಮಸಾಲೆ ಬದನೆಕಾಯಿಯ ಪಾಲಾಯಿತು, ಗಂಡಹೆಂಡಿರ ನಡುವೆ ಕೆಲವು ದಿನ ಮಾತಿರಲಿಲ್ಲ.

ಮಾತು ಶುರುವಾದ ಮೇಲೆ ಹೆಂಡತಿ ಕೇಳಿದ್ದರು: "ಕೆರೆ ಅಕ್ಕಿನೆಲ್ಲ ಒಡೀತೀರಲ್ಲ, ನನ್ನನ್ನೂ ಒಂದ್ಸಲ ಒಡೀರಿ."

"ರೀಲು ಅಕ್ಕಿಗೇ ಸಾಲಲ್ಲ ಕಣೆ" ಎಂದಿದ್ದರು ಬೈರಪ್ಪ. ಈ ಉತ್ತರವನ್ನು ನಾಗಲಕ್ಷ್ಮಮ್ಮ ಜೀವಮಾನವಿಡೀ ಮರೆಯಲಿಲ್ಲ, ಬೇಕಾದಾಗಲೆಲ್ಲ ತೆಗೆದು ಬಳಸುತ್ತಿದ್ದರು.

ಗಣೇಶನ ಹಬ್ಬದಲ್ಲಿ ಹಾಲಿನ ಡೇರಿಯ ಗೋಡೆಯ ಮೇಲೆ ಈ ಸಿನಿಮಾ ಓಡುತ್ತಿತ್ತು. ಪ್ರೊಜೆಕ್ಟರನ್ನು ಬೈರಪ್ಪ ತಾವೇ ಜೋಡಿಸಿದ್ದರು. ಚಕ್ರದಲ್ಲಿ ಇನ್ನೂ ಒಂದಿಷ್ಟು ರೀಲು ಉಳಿದಿರುವಾಗಲೇ, ಪ್ರತಿ ವರ್ಷ ಅದೇ ಜಾಗಕ್ಕೆ, ದೀಪ ಆರಿಸಿಬಿಡುತ್ತಿದ್ದರು. "ಮುಂದಿದ್ದೆಲ್ಲ ಬರೀ ಬಿಳಿ" ಎನ್ನುತ್ತಿದ್ದರು. ಜನ ನಂಬಿ ಎದ್ದು ಹೋಗುತ್ತಿದ್ದರು.

ಈಗ ಅದೇ ರೀಲು ಅವರ ಮಾನ ಉಳಿಸಬೇಕಿತ್ತು. ಮಗಳು ಶ್ಯಾಮಲಾ ಸಮಿತಿಗೆ ಹೋಗಿ, ಹೊಡೆಯುವುದೆಂದರೆ ಏನೆಂದು ಬಿಡಿಸಿ ಹೇಳಿದಳು. "ನಾನು ನಂಬ್ತೀನಿ ಮೇಡಂ. ಆದ್ರೆ ಬೇರೆ ಮೆಂಬರ್ಸು ಪ್ರೂಫ್ ಕೇಳ್ತಾರೆ" ಎಂದ ಹರ್ಷವರ್ಧನ್. ಅವಳು ಅಟ್ಟದಿಂದ ರೀಲಿನ ಡಬ್ಬಿ ಇಳಿಸಿ, ಸಿಟಿಯ ಸ್ಟುಡಿಯೋದಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದಳು. ನಾಗಲಕ್ಷ್ಮಮ್ಮ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಗಂಡನನ್ನು ತಾವು ಬೈಯುವುದು ಬೇರೆ, ಇರುವೆ ತುಳಿಯಲೂ ಅಂಜುತ್ತಿದ್ದವರನ್ನು ಊರು ಕೊಲೆಗಾರನೆನ್ನುವುದು ಬೇರೆ. ಅವರಿಗೆ ಅಳು ಬರುವಷ್ಟು ಸಂಕಟವಾಗಿತ್ತು.

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನ ದೊಡ್ಡ ಟಿವಿಯಲ್ಲಿ ಸಿನಿಮಾ ಶುರುವಾಯಿತು. ಶಬ್ದವಿಲ್ಲ. ಕೆರೆಯಲ್ಲಿ ಆಕಾಶದ ನೆರಳು ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ, ಒಂದು ಕಟ್ಟಡದ್ದೂ ಇಲ್ಲ. ಗುಳುಮುಳುಕ ಹಕ್ಕಿ ಮುಳುಗಿ ಎಲ್ಲೋ ಎದ್ದಿತು. ಎರಡು ಬಾತು ಕ್ಯಾಮೆರಾದ ಮೂತಿಯವರೆಗೆ ಈಜಿ ಬಂದು, ಒಳಗೆ ಯಾರಿದ್ದಾರೆಂದು ನೋಡಿ ಹೋದವು.

"ನೋಡಿ ಸಾರ್, ಎಂಗೆ ಒಡೆದವ್ನೆ" ಎಂದರು ಮಡಿವಾಳಪ್ಪ.

ಹರ್ಷವರ್ಧನ್ ನಾಗಲಕ್ಷ್ಮಮ್ಮನವರ ಕಡೆ ತಿರುಗಿ, "ಅಮ್ಮಾ, ತಪ್ಪಾಯ್ತು. ಅವ್ರ ಹೆಸ್ರಿನ ಬೋರ್ಡ್ ಹಾಕೋಣ" ಎಂದ. ನಾಗಲಕ್ಷ್ಮಮ್ಮ ತಲೆಯಾಡಿಸಿ ಏಳಲು ಚೀಲ ಹುಡುಕಿದರು. ಬೈರಪ್ಪ ದೀಪ ಆರಿಸುತ್ತಿದ್ದ ಜಾಗ ಬಂದಿತ್ತು. ಆದರೆ ಆರಿಸಲು ಅಲ್ಲಿ ಬೈರಪ್ಪ ಇರಲಿಲ್ಲ.

ಟಿವಿಯಲ್ಲಿ ಒಂದು ಹಿತ್ತಿಲು ಬಂತು. ಹುಲ್ಲಿನ ಮೆದೆಯ ಮರೆಯಿಂದ ಹೊಡೆದದ್ದು, ಅರ್ಧ ಹುಲ್ಲೇ ಕಾಣುತ್ತಿತ್ತು. ಆಚೆ ಒರಳಿನ ಮುಂದೆ ಹದಿಹರೆಯ ದಾಟಿದ ಹೆಣ್ಣೊಬ್ಬಳು ಮಸಾಲೆ ರುಬ್ಬುತ್ತಿದ್ದಳು. ಮೊಣಕೈಯಿಂದ ಹಣೆಯ ಕೂದಲು ಸರಿಸಿಕೊಂಡಳು. ಬೆರಳಿಗೆ ಹತ್ತಿದ್ದನ್ನು ನೆಕ್ಕಿ ಉಪ್ಪು ನೋಡಿದಳು. ರುಬ್ಬುತ್ತಲೇ ಇದ್ದಳು. ಹಕ್ಕಿಗಳಲ್ಲಿ ಯಾವುದಕ್ಕೂ ಬೈರಪ್ಪ ಅಷ್ಟು ರೀಲು ಖರ್ಚು ಮಾಡಿರಲಿಲ್ಲ.

"ಅಮ್ಮ, ಇದು ನೀನಾ?" ಎಂದಳು ಶ್ಯಾಮಲಾ.

ಆ ಬಾತಿನ ಭಾನುವಾರ ಹುಲ್ಲಿನ ಮೆದೆಯಲ್ಲಿ ಏನೋ ಗಿರ್ರೆಂದದ್ದು ನಾಗಲಕ್ಷ್ಮಮ್ಮನವರಿಗೆ ನೆನಪಾಯಿತು. ಜೀರುಂಡೆ ಅಂದುಕೊಂಡಿದ್ದರು. ಹೇಳದೆ ಹೋದರಲ್ಲ ಎಂದು ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಸಂತೋಷವಾಯಿತು, ಅದನ್ನು ಹೇಳಬೇಕಾದವರು ಇಲ್ಲವೆಂದು ದುಃಖವೂ ಆಯಿತು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನನ್ನೂ ಒಡೆದವ್ರೆ ಕಣೆ" ಎಂದರು.

ಆಗಷ್ಟೇ ಬಾಗಿಲು ತೆರೆದು ಒಳಬಂದ ಸಮಿತಿಯ ದೀಪಶ್ರೀ ಮೇಡಂ ಅಲ್ಲೇ ನಿಂತುಬಿಟ್ಟರು. ಬಿಡಿಸಿ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ.

"ಇನ್ನೊಂದ್ಸಲ ಆಕಪ್ಪ" ಎಂದರು ನಾಗಲಕ್ಷ್ಮಮ್ಮ.

ಹರ್ಷವರ್ಧನ್ ರಿಮೋಟ್ ತೆಗೆದುಕೊಂಡ. "ಹಕ್ಕಿಗಳಿಂದ ಹಾಕ್ಲಾ ಅಮ್ಮ?"

"ಅಕ್ಕಿ ಬ್ಯಾಡ" ಎಂದರು. "ಮಸಾಲೆಯಿಂದ ಆಕು."