ಆಪಾ ಅವರ ಮನೆಯ ವಿಳಾಸ

ನಾನು ಇಂಗ್ಲೆಂಡಿಗೆ ಓದಲು ಹೋದದ್ದು ನನ್ನ ಜಾಣತನದಿಂದಲ್ಲ, ಆಪಾ ಅವರ ಹಟದಿಂದ. ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ನಮಗೆ ಉರ್ದು, ಇಂಗ್ಲಿಷ್ ಕಲಿಸುತ್ತಿದ್ದರು. ಆಪಾ ಎಂದರೆ ಅಕ್ಕ. ಹುಡುಗಿಯರೆಲ್ಲ ಹಾಗೇ ಕರೆಯುತ್ತಿದ್ದೆವು. ನಮ್ಮೂರು ಕಮಲಾಪುರ, ಅಲ್ಲಿ ನಮ್ಮದು ಕೆಂಪು ಬಾಳೆಯ ತೋಟ. ನನಗೆ ಹದಿನಾಲ್ಕಕ್ಕೆ ಮದುವೆಯಾಗಿ, ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಊರವರ ಮಾತಿಗೆ ಕಿವಿಗೊಡದೆ ನನ್ನನ್ನು ಕಲಬುರಗಿಗೆ ಕರೆತಂದು ಶಾಲೆಗೆ ಹಾಕಿದವನು ಅಣ್ಣ. ಇರಲು ಜಾಗವಿಲ್ಲವೆಂದಾಗ, ಒಬ್ಬರೇ ಇದ್ದ ಆಪಾ ತಮ್ಮ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಐದು ವರ್ಷ ಅಲ್ಲಿದ್ದೆ. ನನ್ನ ಒಲೆ ಬೇರೆ, ಅವರ ಒಲೆ ಬೇರೆ. ಮಾತಿಗೆ ಮಾತ್ರ ಇಬ್ಬರಿಗೂ ಒಂದೇ ಪಡಸಾಲೆ.

ನಮ್ಮ ಸೀಮೆ ಆಗ ಹೈದರಾಬಾದು ಸಂಸ್ಥಾನದಲ್ಲಿತ್ತು. ಆ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನನ್ನ ಹೆಸರಲ್ಲಿ ಅರ್ಜಿ ಬರೆದವರು ಅವರೇ. ಸಣ್ಣ ಮಕ್ಕಳಿಗೆ ಕಲಿಸುವ ಶಿಕ್ಷಕಿಯರ ತರಬೇತಿ ಅದು. ಮಂಜೂರಾದ ಮೇಲೆ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕುದಿಸಿದ ಬಟಾಟಿಯನ್ನು ಚಾಕು, ಮುಳ್ಳುಚಮಚದಿಂದ ತಿನ್ನುವುದನ್ನು ತಿಂಗಳುಗಟ್ಟಲೆ ರೂಢಿ ಮಾಡಿಸಿದರು. ಪೊಲೀಸ್ ಕಾರ್ಯಾಚರಣೆಗೆ ವರ್ಷ ಮೊದಲು ನಾನು ಮುಂಬಯಿಯಲ್ಲಿ ಹಡಗು ಹತ್ತಿದೆ.

ಹಡಗಿನಲ್ಲಿ ಬಹುತೇಕ ದಿನ ವಾಂತಿಯಲ್ಲೇ ಕಳೆದವು. ಇಳಿದ ಮೇಲೆ ಸೇರಿದ್ದು ಉತ್ತರ ಇಂಗ್ಲೆಂಡಿನ ಗಿರಣಿಗಳ ಊರು. ಹೊರಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಮಸಿ ಹಿಡಿಯುತ್ತಿತ್ತು. ಯುದ್ಧ ಮುಗಿದು ಎರಡು ವರ್ಷವಾಗಿದ್ದರೂ ಸಕ್ಕರೆ, ಬೆಣ್ಣೆ ಎಲ್ಲಕ್ಕೂ ಪಡಿತರ ಚೀಟಿ. ನಾನು ಮಾಂಸ ತಿನ್ನುವುದಿಲ್ಲವೆಂದು, ಬಾಡಿಗೆಗಿದ್ದ ಮನೆಯ ಒಡತಿ ತನ್ನ ಪಾಲಿನ ಚೀಸನ್ನು ನನ್ನ ತಟ್ಟೆಗೆ ಹಾಕುತ್ತಿದ್ದಳು. ಅವ್ವ ಕಟ್ಟಿಕೊಟ್ಟ ಜೋಳದ ಕಡಕ್ ರೊಟ್ಟಿಯನ್ನು ನಾನು ಅವಳಿಗೆ ಕೊಟ್ಟರೆ ಚಹದಲ್ಲಿ ನೆನೆಸಿ ತಿನ್ನುತ್ತಿದ್ದಳು. ತರಬೇತಿಗೆ ಹೋಗುತ್ತಿದ್ದ ಶಾಲೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ನನ್ನ ಸೆರಗು ಹಿಡಿದು, ಇದು ಯಾವ ಕಿಟಕಿಯ ಪರದೆ ಎಂದು ಕೇಳಿದ್ದಳು. ಇದನ್ನೆಲ್ಲ ಆಪಾ ಅವರಿಗೆ ಬರೆಯುತ್ತಿದ್ದೆ. ಅವರ ಉತ್ತರದಲ್ಲಿ ನನ್ನ ಇಂಗ್ಲಿಷಿನ ತಪ್ಪುಗಳ ಪಟ್ಟಿ ಇರುತ್ತಿತ್ತು.

ಮರುವರ್ಷ ಸೆಪ್ಟೆಂಬರಿನ ಒಂದು ಸಂಜೆ, ಮನೆಯೊಡತಿ ರೇಡಿಯೋದ ಸದ್ದು ತಗ್ಗಿಸಿ ನನ್ನ ಕಡೆ ತಿರುಗಿದಳು.

“ನಿಮ್ಮ ದೇಶದ ಸೈನ್ಯ ನಿಮ್ಮ ದೇಶದೊಳಗೆ ನುಗ್ಗಿದೆಯಂತೆ,” ಎಂದಳು.

ಅವಳು ತಪ್ಪು ಕೇಳಿಸಿಕೊಂಡಿದ್ದಾಳೆಂದು ನಾನು ನಕ್ಕುಬಿಟ್ಟೆ. ಮರುದಿನ ವಾಚನಾಲಯದಲ್ಲಿ ಪತ್ರಿಕೆ ಬಿಡಿಸಿದರೆ ಪುಟ್ಟದೊಂದು ನಕಾಶೆ. ಸೊಲ್ಲಾಪುರದ ಕಡೆಯಿಂದ ಹೈದರಾಬಾದಿಗೆ ಕಪ್ಪು ಬಾಣ ಎಳೆದಿದ್ದರು. ನಮ್ಮೂರಿನ ಹೆಸರು ಅದರಲ್ಲಿರಲಿಲ್ಲ. ಬೆರಳಿಟ್ಟು ಅಂದಾಜು ಮಾಡಿದೆ: ಬಾಣ ಕಮಲಾಪುರದ ಮಗ್ಗುಲಲ್ಲೇ ಹಾದಿತ್ತು. ಎಷ್ಟೋ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲಾಗಲಿಲ್ಲ.

ಎರಡು ತಿಂಗಳು ಊರಿನಿಂದ ಯಾರ ಕಾಗದವೂ ಇಲ್ಲ. ಆಮೇಲೆ ಅಣ್ಣನದು ಬಂತು. ಎಲ್ಲರೂ ಕ್ಷೇಮ, ಸ್ಟೇಶನ್ ಬಜಾರಿನಲ್ಲಿ ಹಣ್ಣಿನ ಅಂಗಡಿ ತೆರೆದಿದ್ದೇನೆ, ಕಲಬುರಗಿಯಲ್ಲೇ ಮನೆ ಮಾಡಿದ್ದೇವೆ, ಇನ್ನು ಮೇಲೆ ಅಂಗಡಿಯ ವಿಳಾಸಕ್ಕೆ ಬರೆ ಎಂದಿತ್ತು. ಆಪಾ ಅವರಿಂದ ಮಾತ್ರ ಒಂದಕ್ಷರವೂ ಬರಲಿಲ್ಲ. ನಾನು ತಿಂಗಳಿಗೊಂದರಂತೆ ಅವರ ಮನೆಗೆ ಬರೆಯುತ್ತಲೇ ಹೋದೆ. ಅಣ್ಣನನ್ನು ಕೇಳಿದರೆ, ಶಾಲೆಯವರು ಬಹಳ ಜನ ಊರು ಬಿಟ್ಟಿದ್ದಾರೆ ಎಂದಷ್ಟೇ ಬರೆದ. ನನ್ನ ಮೇಲೇನೋ ಸಿಟ್ಟಿರಬೇಕೆಂದುಕೊಂಡೆ. ಪ್ರತಿ ಕಾಗದದಲ್ಲೂ ಕ್ಷಮೆ ಕೇಳಿದೆ, ಯಾವುದಕ್ಕೆಂದು ತಿಳಿಯದೆ.

ಓದು ಮುಗಿಸಿ ಮರಳಿದಾಗ ಅಣ್ಣ ಸ್ಟೇಶನ್ನಿಗೆ ಬಂದಿದ್ದ. ಟಾಂಗಾದಲ್ಲಿ ಅವನು ಮಾತಾಡಿದ್ದು ಕಡಿಮೆ. ಬಜಾರು ದಾಟಿ ಟಾಂಗಾ ಪರಿಚಿತ ಗಲ್ಲಿಯೊಳಗೆ ತಿರುಗಿತು. ನನ್ನನ್ನು ಮೊದಲು ಆಪಾ ಅವರಲ್ಲಿಗೆ ಕರೆದೊಯ್ಯುತ್ತಿದ್ದಾನೆ, ಅದಕ್ಕೇ ಬಾಯಿಬಿಡುತ್ತಿಲ್ಲ ಎಂದುಕೊಂಡೆ. ಸೆರಗು ಸರಿಮಾಡಿಕೊಂಡು, ಸಲಾಮು ಮಾಡಲು ಕೈ ಅರ್ಧ ಎತ್ತಿದ್ದೆ. ಆಪಾ ಅವರ ಮನೆಯ ಬಾಗಿಲು ತೆರೆದು ಆರತಿ ತಟ್ಟೆ ಹಿಡಿದು ನಿಂತವಳು ಅತ್ತಿಗೆ.

“ಆಪಾ ಎಲ್ಲಿ?” ಎಂದೆ.

ಅತ್ತಿಗೆ ಅಣ್ಣನ ಮುಖ ನೋಡಿದಳು. ಅಣ್ಣ ಟಾಂಗಾದವನ ಕಡೆ ತಿರುಗಿ ಟ್ರಂಕು ಇಳಿಸತೊಡಗಿದ.

ಒಳಗೆ ಅದೇ ಶಹಾಬಾದು ಕಲ್ಲಿನ ನೆಲ, ಕಿಟಕಿಯ ಬಳಿ ಅದೇ ಕುರ್ಚಿ. ಅವರ ಪುಸ್ತಕಗಳ ಕಪಾಟಿನಲ್ಲಿ ಅತ್ತಿಗೆಯ ಹಿತ್ತಾಳೆ ಪಾತ್ರೆಗಳು. ಗೋಡೆಯ ಗೂಡಿನಲ್ಲಿ ದಾರ ಕಟ್ಟಿದ ಕಾಗದಗಳ ಕಟ್ಟು. ಮೇಲಿನದರ ಮೇಲೆ ಇಂಗ್ಲೆಂಡಿನ ರಾಜನ ಅಂಚೆಚೀಟಿ, ನನ್ನ ಅಕ್ಷರ. ಎಲ್ಲವೂ ನನ್ನವೇ. ಒಂದನ್ನೂ ಒಡೆದಿರಲಿಲ್ಲ. ಎರಡು ವರ್ಷ ನಾನು ಆಪಾ ಅವರಲ್ಲಿ ಬೇಡಿದ ಕ್ಷಮೆಯೆಲ್ಲ ನನ್ನ ಅಣ್ಣನ ಮನೆಗೆ ಬಂದು ಬಿದ್ದಿತ್ತು.

“ಅವರ ಹೈದರಾಬಾದಿಗಿ ಹ್ವಾದ್ರು,” ಎಂದ ಅಣ್ಣ. “ಮನಿ ಅವರ ಸಹಿ ಮಾಡಿ ಕೊಟ್ಟಾರ. ನಾ ಏನ ಕಸಗೊಂಡಿಲ್ಲ, ತಂಗಿ.”

“ಅವರ ಅಲ್ಲಿ ಎಲ್ಲಿ ಅದಾರ ಅಂತ ನಿನಗ ಗೊತ್ತಿರಲಿಲ್ಲೇನು?”

ಅವನು ಸುಳ್ಳು ಹೇಳಲಿಲ್ಲ. “ಗೊತ್ತಿತ್ತು. ಕಾಗದ ಕಳಸಿದ್ರ ಅವರ ನಿನಗ ಮನಿ ಸುದ್ದಿ ಬರೀತಿದ್ರು,” ಎಂದ.

ಮರುದಿನ ಬೆಳಿಗ್ಗೆ ಆ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಕಮಲಾಪುರದ ಮೋಟಾರು ಹತ್ತಿದೆ. ಅವ್ವ ಅಲ್ಲೇ ಇದ್ದಳು. ಮಗ ಎಷ್ಟು ಕರೆದರೂ ಕಲಬುರಗಿಗೆ ಹೋಗಿರಲಿಲ್ಲ. ನಾನು ಅಣ್ಣನನ್ನು ಬೈಯುತ್ತ ಹೋದೆ. ಅವ್ವ ಕೇಳುವಷ್ಟು ಕೇಳಿ, ಆಮೇಲೆ ಹೇಳಿದಳು.

ಸೈನ್ಯ ಬರುವ ಮೊದಲು ರಜಾಕಾರರ ಹೆದರಿಕೆಗೆ ನಮ್ಮವರು ತೋಟದಲ್ಲಿ ಅಡಗಿದ್ದರಂತೆ. ಸೈನ್ಯ ಬಂದ ಮೇಲೆ ಹೆದರಿಕೆ ನಮ್ಮ ಮನೆಗಳಿಂದ ಮುಸಲ್ಮಾನರ ಮನೆಗಳಿಗೆ ದಾಟಿತು. ಯಾರಿಗೂ ಕೆಡುಕು ಮಾಡದವರನ್ನೂ ಜನ ಹುಡುಕಿ ಹೊಡೆದರು. ಬಾಳೆಗೊನೆ ಇಳಿಸಲು ಕಲಬುರಗಿಗೆ ಹೋಗಿದ್ದ ಅಣ್ಣ ಆಪಾ ಅವರ ಗಲ್ಲಿಗೆ ನುಗ್ಗಿ, ಅವರನ್ನು ಬಂಡಿಯಲ್ಲಿ ಮಲಗಿಸಿ, ಮೇಲೆ ಒಣ ಬಾಳೆಲೆ ಹೇರಿ ಹಾಡಹಗಲೇ ಹೊರಟ. ದಾರಿಯಲ್ಲಿ ಕೊಡಲಿ ಹಿಡಿದವರು ಎರಡು ಕಡೆ ತಡೆದರು. ಬಂಡಿಯಲ್ಲಿ ಏನಿದೆ ಎಂದಾಗ ಅವನು ಬರೀ ಎಲೆ ಎಂದ. ಒಬ್ಬ ಕೊಡಲಿಯ ಕಾವಿನಿಂದ ಎಲೆಗಳನ್ನು ತಿವಿದು ನೋಡಿದನಂತೆ. ಆಪಾ ಉಸಿರು ಬಿಡಲಿಲ್ಲ. ಹದಿನೆಂಟು ದಿನ ಅವರು ನಮ್ಮ ತೋಟದ ಗುಡಿಸಲಲ್ಲಿದ್ದರು.

“ಆಮ್ಯಾಲ ಅವರ ಬಳಗದವರು ಕರ್ಕೊಂಡ ಹೋಗಾಕ ಬಂದ್ರು,” ಎಂದಳು ಅವ್ವ. “ಅವತ್ತ ಮುಂಜಾನಿ ಇವಾ ಮನಿ ಬರಕೊಡೂ ಕಾಗದ ತಂದು ಅವರ ಮುಂದ ಇಟ್ಟ. ಬ್ಯಾಡೋ ಅಂದೆ. ಹಾಳ ಬಿದ್ದು ಹೋಗೂ ಮನಿ, ಯಾರರೆ ಹೊಕ್ಕೋತಾರ, ನಾ ತಗೊಂಡ್ರೇನಾತು ಅಂದ. ಜೀವಾ ಉಳಿಸಿದಾವನೂ ಅವನ, ಮನಿ ತಗೊಂಡಾವನೂ ಅವನ. ನಾ ಯಾವ ಮಗನ್ನ ಬೈಲಿ, ಹೇಳು.”

ಅಲ್ಲಿಯವರೆಗೆ ನನ್ನಲ್ಲಿದ್ದದ್ದು ಸಿಟ್ಟು. ಸಿಟ್ಟಿಗೆ ಕಾಲೂರಲು ನೆಲವಿರುತ್ತದೆ. ಅವ್ವನ ಮಾತು ಕೇಳಿದ ಮೇಲೆ ಆ ನೆಲವೂ ಹೋಯಿತು. ಆ ಬಂಡಿಯ ಮೂಕಿಯ ಮೇಲೆ ಕೂತು ಬೆವರುತ್ತಿದ್ದ ಅಣ್ಣನನ್ನೂ, ಹದಿನೆಂಟು ದಿನದ ನಂತರ ಲೇಖಣಿ ಮುಂದೊಡ್ಡಿದ ಅಣ್ಣನನ್ನೂ ಒಬ್ಬನೇ ಮನುಷ್ಯನೆಂದು ನೋಡಲು ನನಗೆ ಆಗಲೇ ಇಲ್ಲ.

ಅದೇ ವಾರ ಅಣ್ಣನಿಂದ ವಿಳಾಸ ತೆಗೆದುಕೊಂಡು ಹೈದರಾಬಾದಿಗೆ ಹೋದೆ. ಆಪಾ ದೂರದ ಸಂಬಂಧಿಕರ ಮನೆಯ ಮಾಳಿಗೆಯ ಮೇಲಿದ್ದರು, ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಮೊದಲು ನಮ್ಮ ಮಾತೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಅಂದು ಅವರು ಕನ್ನಡ ಬಿಡಲಿಲ್ಲ. ಇಲ್ಲಿ ಆಡಲು ಯಾರೂ ಸಿಗುವುದಿಲ್ಲ ಎಂದರು. ನನ್ನ ವಿಳಾಸವಿದ್ದ ವಹಿ ಆ ಮನೆಯಲ್ಲೇ ಉಳಿದಿತ್ತು, ಅಣ್ಣನಿಗೆ ಬರೆದು ಕೇಳಲು ಮನಸ್ಸಾಗಲಿಲ್ಲ ಎಂದೂ ಹೇಳಿದರು. ಕಾಗದಗಳ ಕಟ್ಟನ್ನು ಕೊಟ್ಟೆ. ಮನೆಯ ಮಾತನ್ನು ನಾನೇ ಎತ್ತಬೇಕಾಯಿತು.

“ಸಹಿ ಮಾಡಿದ ದಿನ ಮನಿ ವಿಚಾರನ ಬರಲಿಲ್ಲವ್ವಾ,” ಎಂದರು. “ಜೀವ ಅದ ಅಲ್ಲ, ಸಾಕನಿಸ್ತು. ಆಮ್ಯಾಲ ಬಂತು. ಈಗ ದಿನಾ ಬರ್ತದ.”

ಆಮೇಲೆ ಕನ್ನಡಕ ಹಾಕಿಕೊಂಡು, ಮೊದಲ ಕಾಗದ ಒಡೆದು, ನನ್ನೆದುರಿಗೇ ತಪ್ಪು ತಿದ್ದತೊಡಗಿದರು.

ನಾನು ಕಲಬುರಗಿಯಲ್ಲೇ ಶಾಲೆಗೆ ಸೇರಿದೆ, ಬ್ರಹ್ಮಪುರದಲ್ಲಿ ಬಾಡಿಗೆ ಕೋಣೆ ಹಿಡಿದೆ. ಮನೆ ಮರಳಿಸು ಎಂದು ಅಣ್ಣನಿಗೆ ಮೂರು ವರ್ಷ ಹೇಳಿದೆ. ನೋಡೋಣ ಎಂದ, ಕೊಡಲಿಲ್ಲ. ಕೊಟ್ಟರೂ ಬರುವುದಿಲ್ಲವೆಂದು ಆಪಾ ಬರೆದಿದ್ದರು. ಅವ್ವ ಸಾಯುವ ತನಕ ಆ ಹೊಸ್ತಿಲು ತುಳಿಯಲಿಲ್ಲ. ನಾನು ತುಳಿದೆ. ಅಣ್ಣನ ಮಗಳ ಮದುವೆಗೆ ಹೋಗದಿರಲು ಆಗಲಿಲ್ಲ. ಆ ಪಡಸಾಲೆಯಲ್ಲಿ ಪಂಕ್ತಿಗೆ ಕೂತೆ. ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾದೀತು. ಹೊಟ್ಟೆ ತುಂಬ ಉಂಡೆ, ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡೆ. ಕೈತೊಳೆಯುವಾಗಲೇ ಅದು ನನ್ನ ಅರಿವಿಗೆ ಬಂದದ್ದು.