ಕುರಿಗಳಿಗೆ ಕಟ್ಟಿದ ಇಂಗ್ಲಿಷು

ಬೇಸಿಗೆಯಲ್ಲಿ ಮಾರಿಕಣಿವೆಯ ಹಿನ್ನೀರು ಹಿಂದೆ ಸರಿದಾಗ, ಬಿಟ್ಟುಕೊಟ್ಟ ನೆಲದಲ್ಲೆಲ್ಲ ಎಳೆ ಹುಲ್ಲು ಏಳುತ್ತದೆ. ಕೀರ್ತನಾ ತನ್ನ ಇಂಗ್ಲಿಷನ್ನು ಕಲಿತದ್ದು ಆ ಹುಲ್ಲಿನ ಮೇಲೆ, ತಾತ ಕಾಟಯ್ಯನ ಕುರಿಗಳ ಹಿಂದೆ ನಡೆಯುತ್ತ.

ಹಿರಿಯೂರಿನಲ್ಲಿ ಬಿ.ಎ., ಆಮೇಲೆ ಬಿ.ಇಡಿ. ಮುಗಿಸಿ ಹಟ್ಟಿಗೆ ಮರಳಿದ್ದಳು. ಓದಿದ್ದೆಲ್ಲ ಕನ್ನಡದಲ್ಲಿ. ಅವಳಿಗೆ ಬೇಕಾಗಿದ್ದದ್ದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದು ಟೀಚರ್ ಕೆಲಸ. ಅದು ಸಿಗದಿದ್ದರೆ ಯುಗಾದಿ ಕಳೆದ ಮೇಲೆ ಸೋದರಮಾವ ದುರುಗಣ್ಣನ ಕಿರಿಯ ಮಗ ಬೀರೇಶನಿಗೆ ಕೊಡುವುದೆಂದು ಅವ್ವ ಮುದ್ದಕ್ಕ ಮಾತು ಕೊಟ್ಟಾಗಿತ್ತು. ಬೀರೇಶ ಕೆಟ್ಟವನಲ್ಲ. ಟಾಟಾ ಏಸ್ ಓಡಿಸುತ್ತಿದ್ದ, ಕುಡಿಯುತ್ತಿರಲಿಲ್ಲ. ಆದರೆ ಆ ಮನೆಯ ಹಿರಿಸೊಸೆಯೂ ಡಿಗ್ರಿ ಮಾಡಿದವಳು. ಅದು ಈಗ ಯಾರಿಗೂ ನೆನಪಿರಲಿಲ್ಲ. ಕುರಿರೊಪ್ಪದ ಗೊಬ್ಬರ ಬಾಚುವಾಗ ಅವಳಿಗಾದರೂ ನೆನಪಾಗುತ್ತಿತ್ತೋ ಇಲ್ಲವೋ.

ಮೊಬೈಲಿನ ವಿಡಿಯೊದಲ್ಲಿ ಟೈ ಕಟ್ಟಿದವನೊಬ್ಬ ಹೇಳಿಕೊಡುತ್ತಿದ್ದ: ಸಣ್ಣ ಪದ ಆಡುವವರು ಸಣ್ಣವರಾಗಿಯೇ ಉಳಿಯುತ್ತಾರೆ, ದೊಡ್ಡ ಪದ ಕಲಿಯಿರಿ, ಇಂಟರ್‌ವ್ಯೂನಲ್ಲಿ ಕೂತವರು ಎದ್ದು ನಿಲ್ಲುತ್ತಾರೆ. ಕೀರ್ತನಾ ನಂಬಿದಳು. ಆದರೆ ಬೆಳಿಗ್ಗೆ ಕಲಿತ ಪದ ಮಧ್ಯಾಹ್ನಕ್ಕೆ ಜಾರಿಹೋಗುತ್ತಿತ್ತು.

"ಮಖ ಇಲ್ದಿದ್ದು ತಲ್ಯಾಗೆ ನಿಲ್ಲಲ್ಲ ಕಣವ್ವ," ಅಂದ ಕಾಟಯ್ಯ ಒಂದು ದಿನ. "ಅಷ್ಟೊಂದು ಕುರಿ ಅವೆ. ಒಂದ್ರಲ್ಲಿ ಇನ್ನೊಂದು ಕಲಸಿಹೋಗಲ್ಲ ನಂಗೆ. ಯಾಕೇಳು? ಒಂದೊಂದಕ್ಕೂ ಒಂದೊಂದು ಮಖ ಐತೆ. ನಿನ್ನ ಮಾತ್ನೂ ಕುರಿಗೆ ಕಟ್ಟು."

ಹಾಗೆ ಶುರುವಾಯಿತು. ಯಾರ ಮರಿ ಬಂದು ಬಾಯಿ ಹಾಕಿದರೂ ಒದೆಯದೆ ಹಾಲು ಕೊಡುವ ಮುದಿ ಕುರಿಗೆ ‘ಬೆನೆವಲೆಂಟ್’ ಎಂದು ಹೆಸರಾಯಿತು. ಹಳ್ಳದಲ್ಲಿ ನೀರು ಕಂಡರೆ ನಾಲ್ಕೂ ಕಾಲು ಊರಿ ನಿಂತುಬಿಡುವ ಕೆಂಚಿಗೆ ‘ರಿಲಕ್ಟೆಂಟ್’. ಸುಮ್ಮಸುಮ್ಮನೆ ಹಾಯುವ ಟಗರಿಗೆ ‘ಬೆಲಿಜರೆಂಟ್’. ಹೆಸರು ಕಟ್ಟಿದ ಮೇಲೆ ಪದಗಳು ಎಲ್ಲಿಗೂ ಹೋಗಲಿಲ್ಲ. ಕಣ್ಣು ಮುಚ್ಚಿದರೆ ಸಾಲಾಗಿ ಬಂದು ನಿಲ್ಲುತ್ತಿದ್ದವು, ಉಣ್ಣೆಯ ವಾಸನೆಯ ಸಮೇತ.

ಕಾಟಯ್ಯನಿಗೂ ಅದರ ರುಚಿ ಹತ್ತಿತು. "ಲೇ ಬೆಲ್ಜಿರೆಂಟು, ಸುಮ್ಕೆ ಮೇಯಿ. ಇಂಗ್ಲಿಷ್ ಬಂತು ಅಂತ ಕೊಬ್ಬಬ್ಯಾಡ" ಎಂದು ಗದರುವನು. ಹಟ್ಟಿಯವರು ನಕ್ಕರು. "ಕಾಟಯ್ಯನ ಕುರಿ ನಾಳೆ ಕಾನ್ವೆಂಟಿಗೆ ಹೊಕ್ಕಾವಂತೆ" ಅಂದರು.

ಚಳಿಗಾಲದಲ್ಲಿ ಮುದಿ ಕುರಿ ಸಂತೆಗೆ ಹೋಯಿತು. ಅವತ್ತು ಕೀರ್ತನಾ ಊಟ ಬಿಟ್ಟಳು. ಪದ ಮಾತ್ರ ಉಳಿಯಿತು. ಅದನ್ನು ನೆನೆದಾಗಲೆಲ್ಲ ಹಗ್ಗದಲ್ಲಿ ಎಳೆದೊಯ್ಯುವ ಒಂದು ಕತ್ತು ಕಾಣಿಸುತ್ತಿತ್ತು.

ಶಿವರಾತ್ರಿಯ ಆಸುಪಾಸಿನಲ್ಲಿ ಚಿತ್ರದುರ್ಗದ ಒಂದು ಶಾಲೆಯಿಂದ ಕರೆ ಬಂತು. ತಲೆ ಬಾಚಿ, ಅಕ್ಕಪಕ್ಕದವರ ಸೀರೆಗಳಲ್ಲಿ ಒಳ್ಳೆಯದೊಂದನ್ನು ಉಟ್ಟು ಹೊರಟಳು. ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ತಡವಾಯಿತು.

ಮೇಜಿನ ಆಚೆ ಮೂವರಿದ್ದರು. ನಡುವೆ ಕೂತಿದ್ದ ಪ್ರಿನ್ಸಿಪಾಲರು ಒಳ್ಳೆಯ ಹೆಂಗಸು. ಇವಳ ಬೆವರು ನೋಡಿ ನೀರಿನ ಲೋಟ ಈಚೆ ಸರಿಸಿ, ಇಂಗ್ಲಿಷಿನಲ್ಲಿ ಮೆಲ್ಲಗೆ ವಿಚಾರಿಸಿದರು: ತಿಂಡಿ ಆಯಿತೇ, ಯಾಕೆ ತಡವಾಯಿತು, ಬಸ್ಸಿನಲ್ಲಿ ಸೀಟು ಸಿಕ್ಕಿತೇ?

ಕೀರ್ತನಾಳಿಗೆ ಪ್ರತಿ ಮಾತೂ ಅರ್ಥವಾಯಿತು. ಉತ್ತರ ಕೊಡಲು ಬೇಕಾದ ಸಣ್ಣ ಪದಗಳೂ ಗೊತ್ತಿದ್ದವು. ಆದರೆ ಅವನ್ನು ಒಂದಕ್ಕೊಂದು ಪೋಣಿಸಿ ಮನುಷ್ಯರ ಎದುರು ಅವಳು ಎಂದೂ ಆಡಿರಲಿಲ್ಲ. ಆಡಲು ಯಾರಿದ್ದರು? ಕುರಿಗಳು ಕೇಳುತ್ತಿದ್ದವು, ಮರಳಿ ಏನನ್ನೂ ಕೇಳುತ್ತಿರಲಿಲ್ಲ. ಗಾಬರಿಯಲ್ಲಿ ಕಣ್ಣ ಮುಂದೆ ಕೆಂಚಿ ಬಂದು ಕಾಲೂರಿ ನಿಂತಿತು.

"ಬಸ್... ರಿಲಕ್ಟೆಂಟ್," ಅಂದಳು.

ಬಲಗಡೆಯ ಕನ್ನಡಕದವರು ನಕ್ಕರು. ನಕ್ಕದ್ದಕ್ಕೆ ತಾವೇ ನಾಚಿ, ದೊಡ್ಡ ಪದವಲ್ಲವೇ, ಅದರ ಅರ್ಥ ಬಿಡಿಸಿ ಹೇಳಿ ಎಂದರು.

"ನಮ್ದೊಂದು ಕುರಿ ಐತೆ ಸರ್. ಹಳ್ಳ ದಾಟ್ಸಾಕೆ ಹೋದ್ರೆ..."

"ಇಂಗ್ಲಿಷಲ್ಲಿ ಹೇಳಮ್ಮ. ಇಲ್ಲಿ ಮಕ್ಕಳೇ ಕನ್ನಡ ಮಾತಾಡೋ ಹಂಗಿಲ್ಲ," ಅಂದರು ಕನ್ನಡಕದವರು.

ಅವಳು ಬಾಯಿ ತೆರೆದಳು. ಮಂದೆಯ ಅಷ್ಟೂ ಪದಗಳು ನುಗ್ಗಿ ಬಂದವು, ಒಂದನ್ನೊಂದು ತಳ್ಳುತ್ತ. ಬಾಗಿಲು ದಾಟಿ ಒಂದೂ ಹೊರಗೆ ಬರಲಿಲ್ಲ.

ಪ್ರಿನ್ಸಿಪಾಲರು ಉಳಿದಿಬ್ಬರ ಮುಖ ನೋಡಿ ಕನ್ನಡಕ್ಕೆ ಇಳಿದರು. "ಬೇಜಾರು ಮಾಡ್ಕೋಬೇಡಿ. ಟೀಚರ್ ಪೋಸ್ಟ್ ಕಷ್ಟ. ಆದ್ರೆ ನಮ್ಮ ಹಾಸ್ಟೆಲಿನಲ್ಲಿ ಸಣ್ಣ ಮಕ್ಕಳನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕು. ಊಟ, ರೂಮು ಎಲ್ಲ ಇದೆ. ನಿಮಗೆ ಕಾಯೋದು ಹೇಗೂ ಅಭ್ಯಾಸ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಕೀರ್ತನಾಳಿಗೆ ಕೆನ್ನೆಗೆ ಹೊಡೆದಂತಾಯಿತು.

"ಕಾಯಾದಾದ್ರೆ ನಮ್ಮನೇಲೇ ಕುರಿ ಅವೆ ಮೇಡಂ. ಅವು ಅಪ್ಪ ಅವ್ವನ ಬಿಟ್ ಬಂದು ಅಳಲ್ಲ," ಎಂದು ಎದ್ದಳು. ತಡವರಿಸಲಿಲ್ಲ, ಹುಡುಕಲಿಲ್ಲ. ಮಾತು ತಾನಾಗಿ ಬಂದಿತ್ತು.

ಬಸ್ಸು ಬೈಪಾಸು ದಾಟುವವರೆಗೆ ಆ ಮಾತಿನ ಬಿಸಿ ಅವಳನ್ನು ನೆಟ್ಟಗೆ ಕೂರಿಸಿತ್ತು. ಆಮೇಲೆ ಅದು ಆರುತ್ತ ಬಂತು. ಹಾಸ್ಟೆಲು, ಒಂದು ಕೋಣೆ. ಹಗಲೆಲ್ಲ ಸುತ್ತ ಇಂಗ್ಲಿಷಿನಲ್ಲಿ ಜಗಳವಾಡುವ, ನೀರು ಕೇಳುವ, ಚಾಡಿ ಹೇಳುವ ಮಕ್ಕಳು. ಅವಳಿಗಿಲ್ಲದ ಸಣ್ಣ ಮಾತುಗಳೆಲ್ಲ ಅಲ್ಲೇ ಇದ್ದವು. ಆ ಮಕ್ಕಳ ಜೊತೆ ವರ್ಷವಿದ್ದಿದ್ದರೆ ನಾಲಿಗೆ ತಿರುಗುತ್ತಿತ್ತು. ತೆರೆದಿದ್ದ ಬಾಗಿಲು ಅದೊಂದೇ. ಅದನ್ನೂ ಅವಳೇ ಮುಚ್ಚಿ ಬಂದಿದ್ದಳು.

ಐಮಂಗಲದಲ್ಲಿ ಬಸ್ಸು ನಿಂತಿತು. ಎದುರು ದಿಕ್ಕಿನಲ್ಲಿ ಚಿತ್ರದುರ್ಗಕ್ಕೆ ಹೋಗುವ ಬಸ್ಸೂ ನಿಂತಿತ್ತು. ಅವಳು ಅರ್ಧ ಎದ್ದಳು.

"ಇಳಿತೀಯೇನಮ್ಮ? ಬೇಗ," ಅಂದ ಕಂಡಕ್ಟರ್.

ಆ ಮೂವರ ಎದುರು ಮತ್ತೆ ಹೋಗಿ ನಿಲ್ಲುವುದನ್ನು ನೆನೆದಳು. ಕನ್ನಡಕದವರ ನಗೆಯನ್ನು ನೆನೆದಳು. ಕೂತುಕೊಂಡಳು. ರೈಟ್ ಎಂಬ ಕೂಗು ಕೇಳಿತು.

ಮನೆ ಮುಂದೆ ಟಾಟಾ ಏಸ್ ನಿಂತಿತ್ತು. ದುರುಗಣ್ಣ, ಅತ್ತೆ, ಬೀರೇಶ ಮೂವರೂ ಬಂದಿದ್ದರು. ಮುದ್ದಕ್ಕ ಮಗಳ ಮುಖ ನೋಡಿದಳು. ಹೋಗಿ ಚಹಾಕ್ಕೆ ನೀರಿಟ್ಟಳು.

"ಏನವ್ವಾ, ಭಾರಿ ಇಂಗ್ಲಿಷ್ ಕಲ್ತಿದೀಯಂತೆ," ಅಂದ ದುರುಗಣ್ಣ, ಗೋಡೆಗೆ ಒರಗಿ. "ಎಲ್ಲಿ, ಒಂದ್ ಮಾತಾಡು. ನಿಮ್ಮತ್ತೆ ಕೇಳ್ಲಿ."

"ನಂಗೆ ಬರಲ್ಲ ಮಾವ."

"ಬರ್ತೈತೆ ಅವ್ಳಿಗೆ," ಅಂದ ಕಾಟಯ್ಯ ಮೂಲೆಯಿಂದ. "ನಾನು ಕೇಳೀನಿ. ಎಂಥೆಂಥ ಮಾತು ಅಂತೀಯ."

"ನೀವು ಸುಮ್ಕಿರ್ರಿ ಮಾವ," ಅಂದಳು ಮುದ್ದಕ್ಕ ಒಲೆಯ ಬಳಿಯಿಂದಲೇ.

ದುರುಗಣ್ಣ ಹೆಂಡತಿಯ ಕಡೆ ತಿರುಗಿದ. "ಬರಲ್ವಂತೆ. ಹಂಗಿದ್ಮೇಲೆ ಯುಗಾದಿ ತಂಕ ಯಾಕೆ ಕಾಯಾದು? ಬರೋ ಸೋಮವಾರವೇ ಎಲೆ ಅಡಿಕೆ ಶಾಸ್ತ್ರ ಇಟ್ಕಳಾಣ."

ಯಾರೂ ಬೇಡ ಅನ್ನಲಿಲ್ಲ. ಅನ್ನಬಹುದಾಗಿದ್ದ ಕೀರ್ತನಾ ಒಲೆಯ ಕಡೆ ನಡೆದಳು. ಕಾಟಯ್ಯ ಮಾತ್ರ ಕಂಬಳಿ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಕೀರ್ತನಾ ಚಹಾ ತಂದಳು. ಮಾವ ತೆಗೆದುಕೊಂಡ, ಅತ್ತೆ ತೆಗೆದುಕೊಂಡಳು. ಬೀರೇಶ ತಲೆ ತಗ್ಗಿಸಿಯೇ ಲೋಟ ಎತ್ತಿ, ಯಾರಿಗೂ ಕೇಳದಷ್ಟು ಸಣ್ಣಗೆ "ಥ್ಯಾಂಕ್ಸ್" ಅಂದ.

ಅದಕ್ಕೆ ಏನು ಹೇಳಬೇಕೆಂದು ಅವಳಿಗೆ ತೋಚಲಿಲ್ಲ. ತಟ್ಟೆ ಹಿಡಿದು ಒಳಗೆ ಹೋದಳು.